ತಂಗಿಯ ಕನ್ನಡಕ

"ಕನ್ನಡಕ ಎಲ್ಲಿಟ್ಟು ಹೋದಳೋ ಇವಳು?"

ತಂಗಿಯ ಗಂಡ ಯಾರನ್ನೂ ಕೇಳಿದ್ದಲ್ಲ. ಮೇಜಿನ ಖಾನೆಗಳನ್ನು ಎಳೆಯುತ್ತ, ದಿಂಬು ಎತ್ತಿ ನೋಡುತ್ತ ತನ್ನಷ್ಟಕ್ಕೆ ಅಂದುಕೊಂಡ. ನಡುಮನೆಯಲ್ಲಿ ಶವಪೆಟ್ಟಿಗೆಗೆ ಇನ್ನೂ ಮುಚ್ಚಳ ಹಾಕಿರಲಿಲ್ಲ. ಪ್ರಯೋಗಾಲಯದ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವಳು ಮತ್ತೆ ಎದ್ದಿರಲಿಲ್ಲ. ಕನ್ನಡಕವಿಲ್ಲದೆ ಅವಳ ಮುಖ ಬೇರೆ ಯಾರದೋ ಆಗಿತ್ತು. ಮೂಗಿನ ಎರಡು ಬದಿಗೆ ಅದರ ಗುರುತು ಮಾತ್ರ ಉಳಿದಿತ್ತು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವಳ ಅಣ್ಣ ಕೂತಿದ್ದ. ಬಲಗೈ ಎಂದಿನಂತೆ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಎಡಗೈ ಕೋಟಿನ ಜೇಬಿನಲ್ಲಿತ್ತು. ಅವಳನ್ನು ತಂದು ಮಲಗಿಸಿದಾಗ ಯಾರೋ ಕಳಚಿ ಪಕ್ಕಕ್ಕಿಟ್ಟ ಕನ್ನಡಕ ಆ ಮುಷ್ಟಿಯೊಳಗಿತ್ತು.

"ಭಾವ, ನೀವೇನಾದ್ರೂ ನೋಡಿದ್ರಾ?"

"ಹೂಂ."

ತಂಗಿಯ ಗಂಡ ಹುಡುಕುತ್ತಲೇ ಹೋದ. ಅಣ್ಣನ ಹೂಂ ಅನ್ನು ಆ ಮನೆಯಲ್ಲಿ ಯಾರೂ ಉತ್ತರವೆಂದು ತೆಗೆದುಕೊಳ್ಳುತ್ತಿರಲಿಲ್ಲ.

*

ಮೂವತ್ತು ದಾಟಿದ ಹೊಸದರಲ್ಲೇ ಪಾರ್ಶ್ವವಾಯು ಅವನ ಬಲಭಾಗವನ್ನೂ ಮಾತನ್ನೂ ಒಟ್ಟಿಗೆ ಕೊಂಡೊಯ್ದಿತ್ತು. ಬಿಟ್ಟುಹೋದದ್ದು ಹೂಂ ಒಂದನ್ನೇ. ಸೋಜಿಗವೆಂದರೆ ಪದ್ಯಗಳು ಹಾಗೇ ಉಳಿದಿದ್ದವು. ಚಿಕ್ಕಂದಿನಲ್ಲಿ ಅವನು ರಾಗವಾಗಿ ಓದುತ್ತಿದ್ದರೆ ತಂಗಿ ತಟ್ಟೆಯ ಮುಂದೆ ಊಟ ಮರೆತು ಕೂತಿರುತ್ತಿದ್ದಳು. ಈಗ ಅವಳು ಮೊದಲ ಪದ ಎತ್ತಿಕೊಟ್ಟರೆ ಸಾಕು, ಇಡೀ ಪದ್ಯ ಎಲ್ಲೂ ಮುಗ್ಗರಿಸದೆ ಬರುತ್ತಿತ್ತು. ಅದೇ ಬಾಯಿಗೆ ನೀರು ಬೇಕು ಎನ್ನಲು ಆಗುತ್ತಿರಲಿಲ್ಲ.

"ಪದ್ಯ ಬರೋ ದಾರೀಲಿ ಮಾತೂ ಬಂದೇ ಬರುತ್ತೆ" ಎಂದು ಅವಳು ಹಟ ಹಿಡಿದಳು. ಡಾಕ್ಟರಿಕೆ ಬಿಟ್ಟು ಸಂಶೋಧನೆಗೆ ಹೋದಳು, ಮೆದುಳಿನ ಚಿತ್ರಗಳ ಮುಂದೆ ಕೂದಲು ನರೆಸಿಕೊಂಡಳು. ಅವಳ ಪ್ರಯೋಗಾಲಯದಿಂದ ಎಷ್ಟೋ ಜನ ಹೆಂಡತಿಯನ್ನೋ ಮಗುವನ್ನೋ ಹೆಸರು ಹಿಡಿದು ಕರೆಯುತ್ತ ಮನೆಗೆ ಹೋದರು. ಅಣ್ಣ ಮಾತ್ರ ಹೂಂ ಎನ್ನುತ್ತಲೇ ಇದ್ದ.

ಸಂಜೆ ಮನೆಗೆ ಬಂದವಳೇ ಕನ್ನಡಕ ತೆಗೆದು ಅವನ ಎಡಗೈಯಲ್ಲಿಡುವಳು.

"ನಾನು ಕೇಳ್ತೀನಿ, ನೀನು ಕೊಡಬಾರದು. ಕೊಡಲ್ಲ ಅನ್ನಬೇಕು. ಎಲ್ಲಿ, ಕೊಡು ಅಣ್ಣ."

ಕಣ್ಣು ಕಿರಿದು ಮಾಡಿಕೊಂಡು, ಕುರುಡಿಯ ಹಾಗೆ ಕೈ ಚಾಚುವಳು. ಅವನ ಮುಷ್ಟಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

"ಹೂಂ."

"ಅಯ್ಯೋ ನನ್ನ ದಾನಶೂರ! ಊರಿಗೆಲ್ಲ ಮಾತು ಕಲಿಸಿದವಳ ಮಾನ ಕಳೀತೀಯಲ್ಲೋ." ನಗುತ್ತಲೇ ಕನ್ನಡಕ ಮತ್ತೆ ಹಾಕಿಕೊಳ್ಳುವಳು. "ನಾನಿಲ್ಲದ ದಿನ ಜನ ಈ ಹೂಂ ಹಿಡ್ಕೊಂಡೇ ನಿನ್ನ ಹತ್ರ ಎಲ್ಲಾ ಕಿತ್ಕೋತಾರೆ ಕಣೋ."

ತಂಗಿ ಕೈ ಚಾಚಿದರೆ ಇಲ್ಲ ಎನ್ನುವುದು ಹೇಗೆ? ಪಾಠ ಹೇಳುವವಳಿಗೆ ಅದೊಂದು ಹೊಳೆಯಲಿಲ್ಲ. ಹೇಳೋಣವೆಂದರೆ ಅವನಿಗೆ ಮಾತಿರಲಿಲ್ಲ.

*

ತಂಗಿಯ ಗಂಡನ ಅಕ್ಕ ಸ್ಟೂಲು ಎಳೆದುಕೊಂಡು ಅವನೆದುರು ಕೂತಳು. ಕೆಟ್ಟವಳಲ್ಲ, ಬೆಳಗಿನಿಂದ ಬಂದವರಿಗೆಲ್ಲ ಚಹಾ ಮಾಡಿಕೊಟ್ಟು ಸೊಂಟ ಹಿಡಿದುಕೊಂಡಿದ್ದಳು.

"ನೋಡಪ್ಪ, ನನ್ನ ತಮ್ಮ ಕೆಲಸಕ್ಕೆ ಹೋದ್ರೆ ನಿನ್ನ ಯಾರು ನೋಡ್ಕೋತಾರೆ ಹೇಳು? ಒಳ್ಳೆ ಜಾಗ ಇದೆ, ನಿನ್ನಂಥವರನ್ನ ಚೆನ್ನಾಗಿ ನೋಡ್ಕೋತಾರಂತೆ. ನಾಳೆ ಬಂದು ಕರ್ಕೊಂಡು ಹೋಗ್ತಾರೆ. ಹೋಗ್ತೀಯ ತಾನೆ?"

ಈ ಕುರ್ಚಿ, ಈ ಕಿಟಕಿ, ಸಂಜೆಯಾದರೆ ಅವಳು ಬಾಗಿಲು ತೆಗೆಯುತ್ತಿದ್ದ ಸದ್ದು. ಹೊಟ್ಟೆಯಾಳದಿಂದ ಇಲ್ಲ ಎಂಬುದು ಎದ್ದು ಗಂಟಲಿನ ತನಕ ಬಂತು. ತುಟಿ ದಾಟುವಾಗ "ಹೂಂ" ಆಯಿತು.

"ಕೇಳಿಸ್ಕೊಂಡ್ರಾ? ಅವನೇ ಒಪ್ಪಿದ."

"ಅದು ಒಪ್ಪಿಗೆ ಅಲ್ಲಮ್ಮ" ಎಂದರು ತಂಗಿಯ ಜೊತೆ ಕೆಲಸ ಮಾಡಿದ ಹಿರಿಯ ಡಾಕ್ಟರು. "ಅವರ ಬಾಯಲ್ಲಿ ಇರೋದೇ ಅದೊಂದು."

"ಬೇಡದಿದ್ರೆ ಬೇಡ ಅನ್ಲಿ ಡಾಕ್ಟ್ರೇ. ನಾನೇನು ಕೈಕಾಲು ಕಟ್ಟಿ ಹೊತ್ಕೊಂಡು ಹೋಗ್ತೀನಾ?"

ಡಾಕ್ಟರು ಎದ್ದು ಅಣ್ಣನ ಕುರ್ಚಿಯ ಪಕ್ಕಕ್ಕೆ ಬಂದು ನಿಂತರು.

ಹೊರಗೆ ಗಾಡಿ ಬಂದು ನಿಂತಿತು. ಮುಚ್ಚಳ ಎತ್ತಿಕೊಂಡವರು ಕೊನೆಯ ಸಲ ನೋಡುವವರಿಗಾಗಿ ಕಾದರು. ಡಾಕ್ಟರು ಅಣ್ಣನ ಬಲತೋಳು ಹಿಡಿದು ನಡೆಸಿಕೊಂಡು ಬಂದರು. ಪೆಟ್ಟಿಗೆಯ ಅಂಚಿಗೆ ಆತುಕೊಳ್ಳಲು ಅವನು ಎಡಗೈ ಹೊರಗೆ ತೆಗೆದ. ಬೆರಳ ಸಂದಿಯಿಂದ ಕನ್ನಡಕದ ಕಡ್ಡಿ ಇಣುಕಿತು.

"ನಿಮ್ಮ ಹತ್ರಾನೇ ಇತ್ತಾ ಭಾವ!" ತಂಗಿಯ ಗಂಡ ಅಳುವಿನ ನಡುವೆಯೇ ನಕ್ಕು ಕೈ ಚಾಚಿದ. "ಕೊಡಿ, ಹಾಕ್ತೀನಿ. ಅದಿಲ್ದೆ ಅವಳಿಗೆ ಏನೂ ಕಾಣಲ್ಲ."

ಅಣ್ಣ ಪೆಟ್ಟಿಗೆಯೊಳಗೆ ನೋಡಿದ. ಅವಳ ಕೈಗಳು ಒಂದರ ಮೇಲೊಂದು ಇದ್ದವು. ಅವು ಚಾಚಿಕೊಳ್ಳುತ್ತವೇನೋ ಎಂದು ಬಹಳ ಹೊತ್ತು ಕಾದ.

"ಕೊಡಿ ಭಾವ."

ಮುಷ್ಟಿ ಬಿಗಿಯಾಯಿತು. ತುಟಿ ಒಂದು ಕಡೆಗೆ ಎಳೆದು ನಡುಗಿತು.

"ಕೊಡಲ್ಲ."