ಕೆಮ್ಮಿನಡಿ ಹೋದ ಹೆಸರು

ಹೊಟ್ಟೆಯ ಎಡಗಡೆ ಅಂಟಿಸಿದ ಚೀಲಕ್ಕೆ ಎವಾಂಥಿಯಾ ಐದು ತಿಂಗಳಾದರೂ ಒಗ್ಗಿರಲಿಲ್ಲ. ಕ್ಯಾನ್ಸರ್ ಹಿಡಿದ ಕರುಳು ಕತ್ತರಿಸಿ ಅಥೆನ್ಸಿನ ಡಾಕ್ಟರು ಜೀವ ಉಳಿಸಿದ್ದರು, ನಿಜ. ಆದರೆ ಮಲ ಹೊಟ್ಟೆಯಿಂದಲೇ ಹೊರಬೀಳುವಾಗ, ಗಾಳಿ ಹೇಳದೆ ಕೇಳದೆ ಸದ್ದು ಮಾಡುವಾಗ, ನಾಲ್ಕು ಜನರ ನಡುವೆ ಕೂರುವುದು ಹೇಗೆ? ಚೀಲ ಬದಲಿಸಲು ಕೈ ಪಳಗಿತ್ತು. ನಾಚಿಕೆ ಮಾತ್ರ ಹೋಗಿರಲಿಲ್ಲ. ಇಗರ್ಜಿಯ ಕಡೆ ಅವಳು ತಲೆ ಹಾಕಿರಲಿಲ್ಲ.

ಅಷ್ಟರಲ್ಲಿ ಸತ್ತವರ ಶನಿವಾರ ಬಂತು. ಅಂದು ಊರವರೆಲ್ಲ ಬೇಯಿಸಿದ ಗೋಧಿಯ ತಟ್ಟೆಯ ಜೊತೆ ತಮ್ಮ ಸತ್ತವರ ಹೆಸರಿನ ಚೀಟಿ ಒಯ್ಯುತ್ತಾರೆ, ಪಾದ್ರಿ ಒಂದೊಂದಾಗಿ ಓದುತ್ತಾರೆ. ಎವಾಂಥಿಯಾಳ ಚೀಟಿಯಲ್ಲಿ ಒಂದೇ ಹೆಸರು: ಹತ್ತೊಂಬತ್ತಕ್ಕೇ ತೀರಿಕೊಂಡ ಮಗಳು ಲೆಮೋನಿಯಾ. ಮನೆಯಲ್ಲಿ ಆ ಹೆಸರು ಎತ್ತುವಂತಿರಲಿಲ್ಲ. ಗಂಡ ಸ್ಟ್ರಾಟಿಸ್ ಇಪ್ಪತ್ತೆರಡು ವರ್ಷದಿಂದ ಅದನ್ನು ಬಾಯಿಗೆ ತಂದಿರಲಿಲ್ಲ. ತಾಯಿಯ ಕಿವಿಗೆ ಅದು ಬೀಳುತ್ತಿದ್ದುದು ಇಂಥ ಶನಿವಾರಗಳಲ್ಲಿ ಮಾತ್ರ.

"ನಿನ್ನೆಯಿಂದ ಏನೂ ತಿಂದಿಲ್ವಲ್ಲೇ! ಉಪವಾಸ ಬೇಡ ಅಂತ ನರ್ಸಮ್ಮ ಬಡ್ಕೊಂಡಿದ್ರು" ಎಂದ ಸ್ಟ್ರಾಟಿಸ್.

"ಪರಮಪ್ರಸಾದ ತಗೊಳ್ಳೋಳು ಹೊಟ್ಟೆ ತುಂಬಿಸ್ಕೊಂಡು ಹೋಗ್ಲೇನೋ ಮುದುಕಾ? ಖಾಲಿ ಇದ್ರೆ ಸದ್ದೂ ಬರಲ್ಲ, ಬಿಡು."

ಅಯ್ಯೋ, ಎಡವಿದ್ದೇ ಅಲ್ಲಿ! ಖಾಲಿ ಕರುಳೇ ಹೆಚ್ಚು ಕೂಗುವುದು.

ಇಗರ್ಜಿಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ತಂತಮ್ಮವರ ಹೆಸರಿಗೆ ಕಿವಿಗೊಟ್ಟಿದ್ದರು. ಪಾದ್ರಿ ಅವಳ ಚೀಟಿ ಎತ್ತಿಕೊಂಡರು. ಆಗಲೇ ಚೀಲ ಸದ್ದು ಮಾಡಿತು. ಒಮ್ಮೆ, ಮತ್ತೊಮ್ಮೆ, ಉದ್ದಕ್ಕೆ. ಮುಂದಿನ ಸಾಲಿನವರು ತಿರುಗಿ ನೋಡಿದರು. ಎವಾಂಥಿಯಾ ಎರಡೂ ಕೈಯಿಂದ ಹೊಟ್ಟೆ ಒತ್ತಿಹಿಡಿದಳು. ಭೂಮಿ ಬಾಯ್ಬಿಡಬಾರದೇ ಎನಿಸಿತು.

ಪಕ್ಕದಲ್ಲಿದ್ದ ಸ್ಟ್ರಾಟಿಸ್ ಕೆಮ್ಮತೊಡಗಿದ. ಶೀತವಿಲ್ಲ, ದಮ್ಮಿಲ್ಲ, ಕತ್ತಿನ ನರ ಉಬ್ಬುವಂತೆ ಕೆಮ್ಮಿದ. ಚೀಲ ಸುಮ್ಮನಾಗುವವರೆಗೂ ಬಿಡಲಿಲ್ಲ. ಅವನು ನಿಲ್ಲಿಸುವಷ್ಟರಲ್ಲಿ ಪಾದ್ರಿ ಇನ್ಯಾರದೋ ಮನೆಯ ಸತ್ತವರ ಹೆಸರು ಓದುತ್ತಿದ್ದರು.

ಅವಳು ಪ್ರಸಾದಕ್ಕೂ ನಿಲ್ಲದೆ ಅಂಗಳಕ್ಕೆ ಓಡಿದಳು. ಅವನೂ ಹಿಂದೆಯೇ ಬಂದ.

"ಅವಳ ಹೆಸರು ಓದಿದ್ರಾ?"

"ನಂಗೂ ಕೇಳಿಸ್ಲಿಲ್ಲ ಕಣೇ."

"ಅದೊಂದಕ್ಕೇ ಬಂದಿದ್ದೆ ನಾನು. ಅದೊಂದಕ್ಕೇ!" ಎಂದು ಗೋಡೆಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

ಸ್ಟ್ರಾಟಿಸ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತ.

"ಲೆಮೋನಿಯಾ" ಎಂದ ಕೊನೆಗೆ.

ಎವಾಂಥಿಯಾ ತಿರುಗಿ ನೋಡಿದಳು. ಅವಳ ಚೀಲ ಮತ್ತೆ ಸದ್ದು ಮಾಡಿತು. ಈ ಸಲ ಅವನು ಕೆಮ್ಮಲಿಲ್ಲ. ಅಳುತ್ತಲೇ ಮಗಳ ಹೆಸರನ್ನು ಇನ್ನೊಮ್ಮೆ ಹೇಳಿದ.