ಕಂಬಳಿ ಕೇಳಿದ ಮುತ್ತಜ್ಜ

ಹಿರಿಯರ ಹಬ್ಬದ ಹಿಂದಿನ ದಿನ ನಮ್ಮಪ್ಪ ಹಣಮಂತರಾಯ ಗೋಡೆ ಒರೆಸಲು ಹೋಗಿ ಮುತ್ತಜ್ಜನನ್ನು ಕೆಡವಿದ. ಫೋಟೋದ ಗಾಜು ಚೂರುಚೂರಾಯಿತು, ಮುತ್ತಜ್ಜನ ಮೀಸೆಗೆ ಏನೂ ಆಗಲಿಲ್ಲ.

ಈ ಮುತ್ತಜ್ಜ ಸಾಮಾನ್ಯನಲ್ಲ. ಎರಡನೇ ಮಹಾಯುದ್ಧಕ್ಕೆ ಹೋಗಿ ತಿರುಗಿ ಬಾರದ ಸಿಪಾಯಿ. ಉಪ್ಪಲ್‌ನ ನಮ್ಮ ಮನೆಗೆ ಬಂದವರಿಗೆಲ್ಲ ಅಪ್ಪ ಚಹಾಕ್ಕಿಂತ ಮೊದಲು ಇವನ ಕತೆಯನ್ನೇ ಕುಡಿಸುತ್ತಿದ್ದ. ಪ್ರತಿ ಹಬ್ಬಕ್ಕೂ ಇವನ ಮುಂದೆ ಹೊಸ ಧೋತರ, ಹೋಳಿಗೆಯ ಎಡೆ. ನನಗೂ ಹೆಮ್ಮೆ ಇತ್ತು, ಸುಳ್ಳೇಕೆ ಹೇಳಲಿ.

ಗಾಜು ಹಾಕಿಸಲು ಅಪ್ಪನೂ ನಾನೂ ಸುಲ್ತಾನ್ ಬಜಾರಿನ ಮಲ್ಲಣ್ಣನ ಫ್ರೇಮಿನ ಅಂಗಡಿಗೆ ಹೋದೆವು. ಮುದುಕ ಮಲ್ಲಣ್ಣ ಫ್ರೇಮಿನ ಹಿಂದಿನ ರಟ್ಟು ತೆಗೆದ. ಮುತ್ತಜ್ಜನ ಸೊಂಟದ ಕೆಳಗೆ ಚಿತ್ರದ ಕಾಗದವನ್ನು ಹಿಂದಕ್ಕೆ ಮಡಚಲಾಗಿತ್ತು. ಬಿಡಿಸಿದರೆ ಉರ್ದು ಅಕ್ಷರ. ನಮಗಿಬ್ಬರಿಗೂ ಓದಲು ಬಾರದು. ಉರ್ದು ಶಾಲೆಯಲ್ಲಿ ಕಲಿತ ಮಲ್ಲಣ್ಣ ಓದಿ ಹೇಳಿದ: ‘ಸಿಪಾಯಿಗೆ ಚಳಿಯಾಗುತ್ತಿದೆ. ಒಂದು ಕಂಬಳಿ ಕೊಡಿ.’ ಇದು ಫೋಟೋ ಅಲ್ಲ, ಯುದ್ಧದ ಕಾಲದಲ್ಲಿ ಸಿಪಾಯಿಗಳಿಗಾಗಿ ಜನರಿಂದ ದಾನ ಕೇಳಲು ಅಚ್ಚು ಹಾಕಿದ ಪೋಸ್ಟರ್. ಆಗ ಊರ ಗೋಡೆಗಳ ತುಂಬ ಇಂಥವೇ ಇರುತ್ತಿದ್ದವಂತೆ.

ಅಪ್ಪನ ಮುಖ ನೋಡಬೇಕಿತ್ತು. ಮನೆಗೆ ಬಂದವನೇ ಅಜ್ಜಿಯ ಮೇಲೆ ಹರಿಹಾಯ್ದ.

“ಅವ್ವಾ, ಇಂವ ನಮ್ಮಜ್ಜ ಅಲ್ಲ! ಐವತ್ತು ವರ್ಷ ಕಂಬಳಿ ಕೇಳೂ ಜಾಹೀರಾತಿಗೆ ಕೈ ಮುಗದೀನಿ! ನಾಳೆ ಇದನ್ನ ಇಡೂದಿಲ್ಲ.”

ಅಂಬವ್ವಜ್ಜಿ ಕಡಲೆಬೇಳೆ ಆರಿಸುವುದನ್ನು ನಿಲ್ಲಿಸಲಿಲ್ಲ. “ನನಗ ಗೊತ್ತೈತಿ.”

“ಗೊತ್ತೈತಿ?”

“ನಮ್ಮತ್ತಿ ಶಿವದೇವಿ ಸಾಯೂ ಮುಂದ ಹೇಳಿದ್ಲು. ಗಂಡ ಜಗಳಾಡಿ ಯುದ್ಧಕ್ಕ ಹೋದ, ಸತ್ತ ಅಂತ ತಂತಿ ಬಂತು. ಒಂದು ಫೋಟೋನೂ ಇರಲಿಲ್ಲ. ಬಜಾರದ ಗೋಡಿಯಿಂದ ಇದನ್ನ ಕಿತ್ಗೊಂಡು ಬಂದ್ಲು. ಮಾರಿ ಗಂಡನ್ನ ಹೋಲೂದಿಲ್ಲಂತ ಆಕೀಗೂ ಗೊತ್ತಿತ್ತು. ದಿನಾ ಮುಂಜಾನೆ ಬೈಯಾಕ ಒಂದು ಮಾರಿ ಬೇಕಾಗಿತ್ತು, ಪಾಪ.”

ಅಪ್ಪ ಪೋಸ್ಟರಿನತ್ತ ಬೊಟ್ಟು ಮಾಡಿದ. “ಹಂಗಾರ ಇಂವ ಯಾರು?”

“ಯಾರದೋ ಮನಿ ಮಗ. ಅಂವ ಕೇಳಿದ್ದು ಕಂಬಳಿ, ನಾವು ಕೊಟ್ಟಿದ್ದು ಧೋತರ. ಎಂಬತ್ತು ವರ್ಷದಿಂದ ನಡುಗಾಕತ್ತಾನ.”

ನನಗೆ ನಗು ಬಂತು. ಅಪ್ಪನನ್ನು ನೋಡಿ ನುಂಗಿಕೊಂಡೆ. ಅವನು ಚಪ್ಪಲಿ ಮೆಟ್ಟಿ ಹೊರಟುಹೋದ.

ಮರುದಿನ ಪೋಸ್ಟರ್ ತನ್ನ ಜಾಗದಲ್ಲೇ ಇತ್ತು, ಉರ್ದು ಸಾಲು ಕಾಣುವಂತೆ. ಮುಂದೆ ಎಡೆ, ಒಂದು ಹೊಸ ಕಂಬಳಿ. ಪಕ್ಕದ ಬರಿಗೋಡೆಗೆ ಅಪ್ಪ ಕುಂಕುಮ ಹಚ್ಚಿ, ಅಲ್ಲೂ ಎಡೆ ಇಟ್ಟು, ಇನ್ನೊಂದು ಕಂಬಳಿ ಇಡುತ್ತಿದ್ದ.

“ಎರಡ್ಯಾಕೋ ಹಣಮಂತ?” ಅಜ್ಜಿ ಕೇಳಿದಳು.

“ಇದು ನಮ್ಮಜ್ಜಗ,” ಅಂದ ಅಪ್ಪ. “ಅಂವಗೂ ಚಳಿ ಆಗಿರಬೇಕಲ್ಲವ್ವಾ.”