ಆರನೆಯ ಬಿಲ್ಲೆಯ ಸುತ್ತ

ರಾತ್ರಿ ಎರಡಕ್ಕೆ ಇನ್‌ಕ್ಯುಬೇಟರ್ ಟಿಕ್ ಎಂದಿತು. ತುಮಕೂರಿನ ಲ್ಯಾಬಿನಲ್ಲಿ ಒಬ್ಬಳೇ ಕೂತಿದ್ದ ಉಮಾಮಹೇಶ್ವರಿ ಬೆಚ್ಚಿದಳು. ಹದಿನಾರು ಗಂಟೆ ತುಂಬಿತ್ತು. ಅಮ್ಮನ ಪಾದದ ಕೀವಿನ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆ ಒಳಗಿತ್ತು.

ಸಿ.ಎಸ್. ಪುರದಲ್ಲಿದ್ದ ಅಮ್ಮ, ಹಿಂದೆ ಎರಡು ಸಲ ಈ ಹುಣ್ಣಿಗೆ ಔಷಧಿ ಕೊಟ್ಟಾಗಲೂ ನೋವು ಇಳಿದ ಕೂಡಲೇ ಮಾತ್ರೆ ನಿಲ್ಲಿಸಿ, ಉಳಿದದ್ದನ್ನು ಕೆಮ್ಮಿದವರಿಗೆಲ್ಲ ಎಲೆ ಅಡಿಕೆಯ ಹಾಗೆ ಹಂಚಿದ್ದಳು. ಈಗ ಹುಣ್ಣು ಯಾವ ಮಾತ್ರೆಗೂ ಬಗ್ಗುತ್ತಿರಲಿಲ್ಲ. ಒಗ್ಗುವ ಔಷಧಿ ಸಿಗದಿದ್ದರೆ ಕಾಲಿನ ಎರಡು ಬೆರಳು ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು.

ಹೊರತೆಗೆದ ತಟ್ಟೆಯಲ್ಲಿ ಒಂದೊಂದು ಬೇರೆ ಔಷಧಿ ಹೀರಿದ ಆರು ಕಾಗದದ ಬಿಲ್ಲೆಗಳಿದ್ದವು. ಐದರ ಅಂಚಿನವರೆಗೂ ಬ್ಯಾಕ್ಟೀರಿಯಾ ಹುಲ್ಲಿನಂತೆ ಹಬ್ಬಿತ್ತು. ಆರನೆಯದು ಲಿನೆಜೋಲಿಡ್ ಎಂಬ ಔಷಧಿಯದು. ಅದರ ಸುತ್ತ ಮಾತ್ರ ಅಗಲವಾದ, ಬೋಳು ಬೋಳಾದ ವೃತ್ತ! ಎರಡು ಸಲ ಅಳೆದಳು. ಮೂವತ್ತು ಮಿಲಿಮೀಟರ್; ಈ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗಿತ್ತು.

ತಟ್ಟೆ ಮುಚ್ಚಿಟ್ಟು, ಗ್ಲೌಸ್ ಕಳಚಿ, ಸೋಪು ಹಾಕಿ ಕೈ ತೊಳೆದು, ಆಮೇಲೆ ಕುಣಿದಳು. ಸ್ಟೂಲು ಉರುಳಿತು.

"ಏನ್ ಮೇಡಂ, ಹಾವು ಗೀವು ಬಂತಾ?" ವಾಚ್‌ಮನ್ ಚನ್ನವೀರಯ್ಯ ಓಡಿಬಂದರು.

"ಇಲ್ಲ ಕಣಣ್ಣ, ಅಮ್ಮಂಗೆ ಕೆಲ್ಸ ಮಾಡೋ ಮಾತ್ರೆ ಸಿಕ್ತು!"

"ಅದಕ್ಕೆ ಒಬ್ರೇ ಕುಣೀತಿದೀರಾ? ನನ್ನನ್ನೂ ಕರೀಬಾರ್ದಾ?" ಎಂದವರೇ ಟಾರ್ಚು ಕೆಳಗಿಟ್ಟು ನಾಲ್ಕು ಹೆಜ್ಜೆ ಹಾಕಿಯೇಬಿಟ್ಟರು.

ನಕ್ಕು ನಕ್ಕು ಕಣ್ಣೊರೆಸಿಕೊಂಡು ಮನೆಗೆ ಫೋನ್ ಮಾಡಹೊರಟವಳು ತಟ್ಟನೆ ನಿಂತಳು. ಮಗಳು ಕುಣಿಯುವಷ್ಟು ಒಳ್ಳೆಯ ಮಾತ್ರೆ ಎಂದು ತಿಳಿದರೆ ಅಮ್ಮ ಮೂರನೇ ದಿನಕ್ಕೇ ನಿಲ್ಲಿಸುತ್ತಾಳೆ. ಕೋರ್ಸು ಮುಗಿಯುವವರೆಗೂ ಮುಖ ಗಂಟು ಹಾಕಿಕೊಂಡೇ ನುಂಗಿಸಬೇಕು.

"ಅಣ್ಣ, ನಾವಿಬ್ರೂ ಕುಣೀಲೇ ಇಲ್ಲ."

ಡಾಕ್ಟರಿಗೆ ರಿಪೋರ್ಟು ಕೊಟ್ಟರೂ, ಈ ರಾತ್ರಿ ಕುಣಿದ ಸುದ್ದಿ ಮಾತ್ರ ಯಾರಿಗೂ ಹೇಳುವುದಿಲ್ಲವೆಂದು ಅವಳು ಆಗಲೇ ನಿಶ್ಚಯಿಸಿದ್ದಳು.